ಎರಡೇ ದಿನದಲ್ಲಿ ಕೈಗೆ ಬಂದ ಜನನ ಪ್ರಮಾಣಪತ್ರ

ಮಗಳ ಜನನ ಪ್ರಮಾಣಪತ್ರದ ಒಂದು ಪ್ರತಿಗಾಗಿ ನಾವು ಪಟ್ಟ ಪಾಡನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಆದರೂ ಓದಿ. ಹೆರಿಗೆಗೆ ತವರಿಗೆ ಹೋಗಿ ಬಂದು, ಈಗ ಬೇರೆ ಊರಲ್ಲಿ ಸಂಸಾರ ಮಾಡುತ್ತಿರುವ ಅಕ್ಕತಂಗಿಯರಂತೂ ಓದಲೇಬೇಕು.

ಮಗಳು ಹುಟ್ಟಿದ್ದು 2011ರ ಮಾರ್ಚ್‌ನಲ್ಲಿ, ನನ್ನ ತವರೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ. ಚೊಚ್ಚಲ ಹೆರಿಗೆ. ಬಾಣಂತನ ಮುಗಿಸಿಕೊಂಡು ಬೆಂಗಳೂರಿಗೆ ಬಂದವಳು ಜನನ ಪ್ರಮಾಣಪತ್ರದ ಯೋಚನೆಯನ್ನೇ ಮಾಡಲಿಲ್ಲ. ಶಾಲೆಗೆ ಸೇರಿಸುವಾಗ ಆಸ್ಪತ್ರೆಯ ಚೀಟಿ, ಒಂದು ಅಫಿಡವಿಟ್ ಕೊಟ್ಟೆವು, ನಡೆಯಿತು. ಕಳೆದ ಡಿಸೆಂಬರ್‌ನಲ್ಲಿ ನಮ್ಮ ಯಜಮಾನರಿಗೆ ಕಂಪನಿಯಿಂದ ನೆದರ್ಲ್ಯಾಂಡ್ಸ್‌ಗೆ ಹೋಗುವ ಅವಕಾಶ ಬಂತು. ಮಗಳನ್ನು ಕರೆದೊಯ್ಯಬೇಕಾದರೆ ಅವಳ ಜನನ ಪ್ರಮಾಣಪತ್ರ ಬೇಕು, ಅದಕ್ಕೆ ನಮ್ಮ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆಯೂ (ದಾಖಲೆ ಅಸಲಿ ಎಂದು ಹೊರದೇಶಕ್ಕಾಗಿ ದೃಢೀಕರಿಸುವ ಮುದ್ರೆ) ಬೇಕು.

ನಾನು ಮಾಡಿದ ತಪ್ಪು ಇಲ್ಲಿಂದ ಶುರು. ಮನೆ ಹತ್ತಿರದ ಒಂದು ಸೈಬರ್ ಸೆಂಟರ್‌ನಲ್ಲಿ ವಿಚಾರಿಸಿದೆ. "ಮೇಡಂ, ಊರಿಗೆಲ್ಲ ಯಾಕೆ ಓಡಾಡ್ತೀರಿ? ಮೂರು ಜನದ ಆಧಾರ್ ಕೊಡಿ, ಎರಡು ದಿನದಲ್ಲಿ ವಾಟ್ಸ್ಆ್ಯಪ್‌ಗೆ ಬರುತ್ತೆ" ಅಂದರು. 4,500 ರೂಪಾಯಿ. ಮಗಳ ಪರೀಕ್ಷೆ, ಅತ್ತೆಯವರ ಆರೋಗ್ಯ, ರಜೆ ಹಾಕಿ ಊರಿಗೆ ಹೋಗುವುದು ಕಷ್ಟ ಎಂದು ಒಪ್ಪಿಕೊಂಡೆ. ಹೇಳಿದಂತೆ ಎರಡೇ ದಿನದಲ್ಲಿ ಪಿಡಿಎಫ್ ಬಂತು. ಮೇಲೆ ಲಾಂಛನ, ಕೆಳಗೆ ಸಹಿ, ಮೂಲೆಯಲ್ಲಿ ಕ್ಯೂಆರ್ ಕೋಡ್. ಹೆಸರು, ತಾರೀಖು ಎಲ್ಲ ಸರಿಯಾಗಿತ್ತು. ಬಣ್ಣದ ಪ್ರಿಂಟ್ ತೆಗೆಸಿ ಫೈಲಿಗೆ ಹಾಕಿದೆ. ಸಮಾಧಾನದಲ್ಲಿ ಒಂದು ತಿಂಗಳು ಕಳೆದುಹೋಯಿತು.

ದೃಢೀಕರಣಕ್ಕೆ ಕೊಟ್ಟಾಗ ಕೌಂಟರಿನಲ್ಲಿದ್ದ ಹೆಣ್ಣುಮಗಳು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಫೋನನ್ನು ನನ್ನ ಕಡೆ ತಿರುಗಿಸಿ, "ಅಕ್ಕ, ಮೇಲಿರೋ ವಿಳಾಸ ಓದಿ" ಅಂದಳು. ಪುಟ ಸರ್ಕಾರದ್ದರಂತೆಯೇ ಇತ್ತು, ಮಗಳ ಹೆಸರೂ ಕಾಣುತ್ತಿತ್ತು. ಆದರೆ ವಿಳಾಸದಲ್ಲಿ 'ಗವ್' ಅನ್ನುವುದು ನಡುವೆಲ್ಲೋ ಇತ್ತು, ಕೊನೆಯಲ್ಲಿ ಸರ್ಕಾರಿ ಜಾಲತಾಣಗಳಿಗಿರುವ 'ಗವ್ ಡಾಟ್ ಇನ್' ಇರಲಿಲ್ಲ. ಆಮೇಲೆ ಅವಳು ಪ್ರಮಾಣಪತ್ರದ ಇನ್ನೆರಡು ಸಾಲುಗಳ ಮೇಲೆ ಬೆರಳಿಟ್ಟಳು. ನೋಂದಣಿ ಮಾಡಿದ ಸ್ಥಳ ಹೊರರಾಜ್ಯದ ಯಾವುದೋ ಗ್ರಾಮ ಪಂಚಾಯಿತಿ. ನೋಂದಣಿ ದಿನಾಂಕ ನಾನು ದುಡ್ಡು ಕೊಟ್ಟ ಮಾರನೇ ದಿನ. ಹದಿನಾಲ್ಕು ವರ್ಷದ ಹುಡುಗಿ ಮೊನ್ನೆ ಮೊನ್ನೆ ನೋಂದಣಿಯಾಗಿದ್ದಾಳೆ! ಹೆಸರಿನ ಕಾಗುಣಿತವನ್ನು ಹತ್ತು ಸಲ ನೋಡಿದ್ದ ನಾನು ಆ ಎರಡು ಸಾಲನ್ನು ಓದಿಯೇ ಇರಲಿಲ್ಲ.

"ಇದನ್ನು ವಾಪಸ್ ತಗೊಂಡು ಹೋಗಿ, ಎಲ್ಲೂ ಕೊಡಬೇಡಿ" ಎಂದು ಆ ಹುಡುಗಿ ಮೆಲ್ಲಗೆ ಹೇಳಿದಳು. ಅವಳಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ನಕಲಿ ಎಂದು ಗೊತ್ತಿದ್ದೂ ಅಂಥ ದಾಖಲೆಯನ್ನು ಅಸಲಿ ಎಂದು ಕೊಟ್ಟರೆ, ಕೊಟ್ಟವರ ಮೇಲೇ ಕ್ರಿಮಿನಲ್ ಕೇಸು ಆಗುತ್ತದೆ. ಮಗಳ ವೀಸಾ ಅರ್ಜಿಯಲ್ಲಿ ಅದು ಸಿಕ್ಕಿಬಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇದರ ಮೂಲ ನನಗೆ ಆಮೇಲೆ ಅರ್ಥವಾಯಿತು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮಗು ಎಲ್ಲಿ ಹುಟ್ಟಿತೋ ಅಲ್ಲಿಯ ರಿಜಿಸ್ಟರಿನಲ್ಲೇ ದಾಖಲಾಗುವುದು. ಗಂಡನ ಮನೆ, ಈಗಿನ ವಿಳಾಸ ಯಾವುದೂ ಲೆಕ್ಕಕ್ಕಿಲ್ಲ. ನಮಗೆ ಸಿಗುವ ಪ್ರಮಾಣಪತ್ರ ಆ ರಿಜಿಸ್ಟರಿನ ಸಾಲಿನ ನಕಲು, ಅಷ್ಟೇ. ಆ ಸಾಲನ್ನು ನೋಡದೆ ಯಾರೇ ಆದರೂ ಪ್ರಮಾಣಪತ್ರ 'ಮಾಡಿಸಿ' ಕೊಡುತ್ತೇನೆ ಅಂದರೆ ಅದು ಸುಳ್ಳು. ಕರ್ನಾಟಕದಲ್ಲಿ ಇ-ಜನ್ಮ ಎಂಬ ಜನನ ಮರಣ ನೋಂದಣಿಯ ಸರ್ಕಾರಿ ತಂತ್ರಾಂಶದಲ್ಲಿ ಇರುವ ದಾಖಲೆಗೆ ಡಿಜಿಟಲ್ ಸಹಿಯ ಪ್ರತಿ ಸಿಗುತ್ತದೆ. ಕೈಬರಹದ ಹಳೆಯ ದಾಖಲೆಯಾದರೆ ಪುಸ್ತಕ ಇರುವ ಕಚೇರಿಯಲ್ಲೇ ಹುಡುಕಿಸಬೇಕು. ಪಟ್ಟಣವಾದರೆ ಪುರಸಭೆ ಅಥವಾ ನಗರಸಭೆಯ ಆರೋಗ್ಯ ಶಾಖೆ, ಹಳ್ಳಿಯ ಹಳೇ ಪುಸ್ತಕಗಳಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು.

ಊರಿಗೆ ಹೋದೆ. ಅಮ್ಮ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ನನ್ನ ತಾಯಿ ಕಾರ್ಡ್ ಜೋಪಾನ ಮಾಡಿಟ್ಟಿದ್ದರು. ಹೆರಿಗೆಯ ದಿನ, ಹೊತ್ತು, ಮಗುವಿನ ತೂಕ ಎಲ್ಲ ಅದರಲ್ಲಿತ್ತು. ಅದನ್ನು ಹಿಡಿದು ಹೊರಟರೆ, ಕಚೇರಿ ಗೇಟಿನ ಹತ್ತಿರವೇ ಇನ್ನೊಬ್ಬರು ಮಾತಿಗೆ ಸಿಕ್ಕರು. "ಹದಿನಾಲ್ಕು ವರ್ಷ ಹಳೇದಾ? ದಾಖಲೆ ಇರಲ್ಲಮ್ಮ. 15,000 ಕೊಡಿ, ಆಗಿಲ್ಲ ಅಂತ ಅಫಿಡವಿಟ್ ಹಾಕಿ ಹೊಸದಾಗಿ ನೋಂದಣಿ ಮಾಡಿಸೋಣ." ಪುಸ್ತಕ ತೆರೆಯುವ ಮೊದಲೇ ದಾಖಲೆ ಇಲ್ಲ ಎಂದು ಅವರಿಗೆ ಹೇಗೆ ಗೊತ್ತು? ದಾಖಲೆ ಇಲ್ಲ ಎಂದು ಹೇಳಬೇಕಾದವರು ನೋಂದಣಾಧಿಕಾರಿ. ಹುಡುಕಿದ ಮೇಲೂ ಸಿಗದಿದ್ದರೆ ಅವರು ನಮೂನೆ 10ರಲ್ಲಿ ಹಾಗೆಂದು ಬರೆದು ಕೊಡುತ್ತಾರೆ. ಒಂದು ವರ್ಷ ದಾಟಿದ ನೋಂದಣಿಯ ದಾರಿ ಅಲ್ಲಿಂದ ಮುಂದಿನದು. ಮೊದಲು ಅದಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು, 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ಮತ್ತು ಉಪವಿಭಾಗ ಮಟ್ಟದ ಅಧಿಕಾರಿಗಳಿಗೆ ಕೊಟ್ಟಿದೆ. ಇರುವ ದಾಖಲೆಯನ್ನು ಇಲ್ಲ ಎಂದು ಪ್ರಮಾಣ ಮಾಡಿ ಇನ್ನೊಂದು ಮಾಡಿಸಿದರೆ ಒಂದೇ ಮಗುವಿಗೆ ಎರಡು ನೋಂದಣಿ. ದಯವಿಟ್ಟು ಆ ಬಲೆಗೆ ಬೀಳಬೇಡಿ.

ಒಳಗೆ ಆರೋಗ್ಯ ಶಾಖೆಯವರು ತಾಯಿ ಕಾರ್ಡಿನ ತಾರೀಖು ನೋಡಿ, ಕೆಂಪು ಬಟ್ಟೆ ಬೆನ್ನಿನ ದಪ್ಪ ಪುಸ್ತಕ ತೆಗೆದರು. ಹಾಳೆಯ ಅಂಚು ಗೆದ್ದಲು ತಿಂದಿತ್ತು. ಕಾಲು ಗಂಟೆಯೂ ಆಗಲಿಲ್ಲ, ಸಿಕ್ಕಿತು. ನನ್ನ ಹೆಸರು, ಯಜಮಾನರ ಹೆಸರು, ಲಿಂಗ: ಹೆಣ್ಣು. ಮಗುವಿನ ಹೆಸರಿನ ಅಂಕಣ ಮಾತ್ರ ಖಾಲಿ.

ಖಾಲಿ ಇರಲೇಬೇಕಲ್ಲ! ಆಸ್ಪತ್ರೆಯಿಂದ ವಿವರ ಹೋಗುವುದು 21 ದಿನದೊಳಗೆ. ನಮ್ಮಲ್ಲಿ ತೊಟ್ಟಿಲಿಗೆ ಹಾಕಿ ಹೆಸರಿಟ್ಟಿದ್ದು ಮೂರನೇ ತಿಂಗಳಲ್ಲಿ. ಆಮೇಲೆ ಯಾರೂ ಹೋಗಿ ಸೇರಿಸಿರಲಿಲ್ಲ. ಹೆಸರು ಸೇರಿಸುವುದು ಮೊದಲ ಒಂದು ವರ್ಷ ಉಚಿತ. ಆಮೇಲೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು, ಆದರೆ ನೋಂದಣಿಯಾಗಿ 15 ವರ್ಷದೊಳಗೆ ಮಾತ್ರ. ನಾನು ಆ ಮೇಜಿನ ಮುಂದೆ ಕೂತಿದ್ದು ಫೆಬ್ರವರಿ ಮೊದಲ ವಾರ. ಮಾರ್ಚ್‌ಗೆ 15 ತುಂಬುತ್ತಿತ್ತು. ನಕಲಿ ಕಾಗದ ನಂಬಿ ಸುಮ್ಮನಿದ್ದ ಆ ಒಂದು ತಿಂಗಳು ಎರಡು ತಿಂಗಳಾಗಿದ್ದರೆ ಬಾಗಿಲೇ ಮುಚ್ಚಿಹೋಗುತ್ತಿತ್ತು.

ಅರ್ಜಿ, ಶಾಲೆಯ ದೃಢೀಕರಣ, ನಮ್ಮಿಬ್ಬರ ಆಧಾರ್ ಕೊಟ್ಟೆವು. ಇಂಗ್ಲಿಷ್ ಕಾಗುಣಿತ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ ಎಂದು ದೊಡ್ಡಕ್ಷರದಲ್ಲಿ ಬರೆದುಕೊಟ್ಟೆ. ನೀವೂ ಹಾಗೆ ಮಾಡಿ, ಒಂದಕ್ಷರ ಆಚೀಚೆಯಾದರೆ ಮತ್ತೆ ತಿದ್ದುಪಡಿ ಅರ್ಜಿ ಹಾಕಬೇಕಾಗುತ್ತದೆ. ಕಟ್ಟಿದ ಶುಲ್ಕಕ್ಕೆ ರಸೀದಿ ಕೊಟ್ಟರು. ಬಸ್ ಚಾರ್ಜೇ ಅದಕ್ಕಿಂತ ಹೆಚ್ಚಾಗಿತ್ತು. ಮುಂದಿನ ವಾರ ಅಣ್ಣ ಹೋಗಿ ಮೂರು ಪ್ರತಿ ತಂದ.

ಸೈಬರ್ ಸೆಂಟರ್‌ಗೆ ಕೊಟ್ಟಿದ್ದ ಆಧಾರ್ ಪ್ರತಿಗಳ ಭಯ ಇನ್ನೂ ಹೋಗಿಲ್ಲ. ಮೂವರ ಬಯೋಮೆಟ್ರಿಕ್ ಲಾಕ್ ಮಾಡಿಸಿದ್ದೇವೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇವೆ. ದುಡ್ಡು ವಾಪಸ್ ಬಂದಿಲ್ಲ. ನಿನ್ನೆ ಸಂಜೆ ತರಕಾರಿಗೆ ಹೋದಾಗ ನೋಡಿದೆ, ಅಂಗಡಿ ತೆರೆದೇ ಇದೆ. ಒಬ್ಬ ಚಿಕ್ಕ ವಯಸ್ಸಿನ ತಾಯಿ ಕಂಕುಳಲ್ಲಿ ಮಗು ಎತ್ತಿಕೊಂಡು ಕೌಂಟರಿನ ಮುಂದೆ ಆಧಾರ್ ಹಿಡಿದು ನಿಂತಿದ್ದಳು. ಹತ್ತಿರ ಹೋಗಿ ಹುಟ್ಟಿದ್ದು ಎಲ್ಲಿ ಎಂದು ಕೇಳಿದೆ. ಅರಸೀಕೆರೆಯಲ್ಲಿ, ಅಮ್ಮನ ಮನೆಯಲ್ಲಿದ್ದಾಗ ಅಂದಳು. ಅವಳನ್ನು ಪಕ್ಕಕ್ಕೆ ಕರೆದು ಇಷ್ಟನ್ನೂ ಹೇಳಿದೆ.