ಕೈಯಲ್ಲಿ ಹಿಡಿಯುವ ಲೇಸರ್ ಸ್ಕ್ಯಾನರ್: ಕುರ್ಚಿ, ಮೇಜುಗಳಿಗೆ ಬಳಸಿದ ಅನುಭವ

ಹಳೆಯ ಪೀಠೋಪಕರಣಗಳ ಡಿಜಿಟಲ್ ಮಾದರಿ ಮಾಡಲು ಇದನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಯಂತ್ರ ವಸ್ತುವಿನ ಮೇಲೆ ನೀಲಿ ಲೇಸರ್ ಗೆರೆಗಳನ್ನು ಬೀಳಿಸುತ್ತದೆ. ಗೆರೆ ಎಲ್ಲೆಲ್ಲಿ ಬಾಗಿತು ಅನ್ನೋದನ್ನು ಕ್ಯಾಮೆರಾಗಳು ನೋಡಿ ಆಕಾರ ಲೆಕ್ಕ ಹಾಕುತ್ತವೆ. ಅಳತೆಯ ಬಗ್ಗೆ ನನ್ನ ದೂರಿಲ್ಲ. ಅದರಲ್ಲಿ ಬರುವ ವ್ಯತ್ಯಾಸಕ್ಕಿಂತ ಮಳೆಗಾಲದಲ್ಲಿ ಮರವೇ ಜಾಸ್ತಿ ಉಬ್ಬುತ್ತದೆ.

ತಲೆನೋವೆಲ್ಲ ಮೇಲ್ಮೈಯದ್ದು. ಹೊಳೆಯುವ ಪಾಲಿಶ್ ಬೆಳಕನ್ನು ಬೇರೆ ಕಡೆಗೆ ತಿರುಗಿಸುತ್ತದೆ, ಕಪ್ಪು ಬಣ್ಣ ನುಂಗುತ್ತದೆ, ಗಾಜಿನಲ್ಲಿ ಅದು ದಾಟಿಯೇ ಹೋಗುತ್ತದೆ. ಇದಕ್ಕೆಂದೇ ಬಿಳಿ ಸ್ಪ್ರೇ ಸಿಗುತ್ತದೆ. ತಾನಾಗಿ ಆವಿಯಾಗುವ ಬಗೆಯದನ್ನೇ ಆರಿಸಿ, ಪುಡಿ ಉಳಿಸುವ ಬಗೆ ಕೆತ್ತನೆಯ ಸಂದಿಯಲ್ಲಿ ಕೂತರೆ ಬಿಡಿಸೋದು ಕಷ್ಟ. ಅರಗಿನ ಪಾಲಿಶ್ ಇದ್ದರೆ ಇನ್ನೂ ಎಚ್ಚರ ಬೇಕು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಹಲವು ಸ್ಪ್ರೇಗಳಲ್ಲಿ ಅದೇ ಇರುತ್ತದೆ.

ಸ್ಕ್ಯಾನರಿಗೆ ತಾನೆಲ್ಲಿದ್ದೇನೆ ಅಂತ ತಿಳಿಯಲು ಹೊಳೆಯುವ ದುಂಡು ಸ್ಟಿಕರ್‌ಗಳು ಬೇಕು. ಹಳೆಯ ಪಾಲಿಶ್ ಮೇಲೆ ಅಂಟಿಸಿದರೆ ಕೀಳುವಾಗ ಪಾಲಿಶೂ ಕಿತ್ತು ಬರಬಹುದು. ಹಾಗಾಗಿ ಕುರ್ಚಿಯನ್ನು ಅಗಲವಾದ ಹಲಗೆ ಮೇಲೆ ನಿಲ್ಲಿಸಿ, ಹಲಗೆಗೂ ಸುತ್ತ ಇಟ್ಟ ಮರದ ತುಂಡುಗಳಿಗೂ ಸ್ಟಿಕರ್ ಹಚ್ಚುತ್ತೇನೆ. ಕೆಲಸ ಮುಗಿಯುವವರೆಗೆ ಯಾವುದೂ ಅಲುಗಬಾರದು, ಅಷ್ಟೇ.

ಅಡಿಭಾಗಕ್ಕೆ ಕುರ್ಚಿಯನ್ನು ಮಗುಚಿ ಮತ್ತೆ ಸ್ಕ್ಯಾನ್ ಮಾಡಿ ಎರಡನ್ನೂ ಜೋಡಿಸಬೇಕು. ಕೀಲುಗಳು ಸಡಿಲವಾಗಿದ್ದರೆ ಮಗುಚಿದಾಗ ಕಾಲುಗಳು ಚೂರು ವಾಲುತ್ತವೆ, ಎರಡು ಸ್ಕ್ಯಾನ್ ಕೂಡೋದಿಲ್ಲ. ತಪ್ಪು ಯಂತ್ರದ್ದಲ್ಲ, ಕುರ್ಚಿಯದ್ದು! ಬೆತ್ತದ ಹೆಣಿಗೆಯಂತೂ ನನಗೆ ಇವತ್ತಿಗೂ ಸರಿಯಾಗಿ ಬಂದಿಲ್ಲ. ಸಾಫ್ಟ್‌ವೇರ್ ತೂತುಗಳನ್ನು ತಾನೇ ಮುಚ್ಚಿ ಹಲಗೆ ಮಾಡಿಬಿಡುತ್ತದೆ. ಆ ಆಯ್ಕೆಯನ್ನು ಆಫ್ ಮಾಡಿದರೂ ಎಳೆಗಳು ದಪ್ಪ ಕಾಣುತ್ತವೆ. ಈಗ ಚೌಕಟ್ಟನ್ನಷ್ಟೇ ಸ್ಕ್ಯಾನ್ ಮಾಡಿ, ಹೆಣಿಗೆಯನ್ನು ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಬೇರೆಯಾಗಿ ಬಿಡಿಸುತ್ತೇನೆ.

ಸ್ಕ್ಯಾನ್ ಬೇಗ ಮುಗಿಯುತ್ತದೆ, ಸಮಯ ತಿನ್ನೋದು ಆಮೇಲಿನ ಕೆಲಸ. ಸಿಗೋದು ಲಕ್ಷಗಟ್ಟಲೆ ತ್ರಿಕೋನಗಳ ಬಲೆ, ಅಂದರೆ ಮೆಶ್. ಕೆತ್ತನೆ ಇದ್ದ ಕಡೆ ಹಾಗೇ ಬಿಟ್ಟು, ಸಪಾಟಾದ ಕಡೆ ಕಡಿಮೆ ಮಾಡಬೇಕು. ಈ ಮೆಶ್ ಉಳಿಸಿಡುವ ಎಸ್‌ಟಿಎಲ್ ಫೈಲಿನಲ್ಲಿ ಅಳತೆಯ ಮಾನ ಇರೋದಿಲ್ಲ, ಮಿಲಿಮೀಟರೋ ಇಂಚೋ ಅಂತ ಬರೆದಿಡಿ. ಕಂಪ್ಯೂಟರ್ ಹೇಳಿದಂತೆ ಕೆತ್ತುವ ಸಿಎನ್‌ಸಿ ಯಂತ್ರಕ್ಕೆ ಇಷ್ಟು ಸಾಕಾಗುತ್ತದೆ. ಅಳತೆ ಬದಲಿಸಬಹುದಾದ ಕ್ಯಾಡ್ ನಕ್ಷೆ ಬೇಕಿದ್ದರೆ ಮೆಶ್ ಮೇಲೆ ಮತ್ತೆ ಎಲ್ಲ ಬಿಡಿಸಲೇಬೇಕು. ಮಾರುವವರು ಇದನ್ನು ಒತ್ತಿ ಹೇಳೋದಿಲ್ಲ.

ನೇರ ಅಂಚಿನ ಮೇಜು, ಕಪಾಟುಗಳಿಗೆ ಇದು ಬೇಡವೇ ಬೇಡ, ಟೇಪ್ ಸಾಕು. ಫೋನಿನ ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸೆನ್ಸರ್) ಕೋಣೆಯಲ್ಲಿ ಸೋಫಾ ಹಿಡಿಯುತ್ತದಾ ಅಂತ ನೋಡಲು ಚೆನ್ನಾಗಿದೆ, ಆದರೆ ಅದರಲ್ಲಿ ಕೆತ್ತನೆ ಕರಗಿದ ಮೇಣದಂತೆ ಕಾಣುತ್ತದೆ. ಬಾಗಿದ ಬೆನ್ನೊರಗು, ಕೆತ್ತಿದ ಕಾಲು, ಮುರಿದ ತುಂಡಿಗೆ ಜೋಡಿ ಮಾಡುವ ಕೆಲಸ ಇದ್ದವರು ಧಾರಾಳವಾಗಿ ಕೊಳ್ಳಬಹುದು. ಕೊಳ್ಳುವ ಮೊದಲು ನಿಮ್ಮ ಕಂಪ್ಯೂಟರಿನ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಎರಡನ್ನೂ ನೋಡಿಕೊಳ್ಳಿ.