ಮಡಿಕೇರಿಯ ಮಳೆಗಾಲ ಕಳೆದ ಒಂದು ಮೊದಲ ಮುದ್ರಣ

ಅಮೆರಿಕದ ಇತಿಹಾಸಕಾರ ರಿಚರ್ಡ್ ಹಾಫ್‌ಸ್ಟ್ಯಾಟರ್ ಅವರ ‘ಆಂಟಿ-ಇಂಟಲೆಕ್ಚುವಲಿಸಂ ಇನ್ ಅಮೆರಿಕನ್ ಲೈಫ್’ (ಅಮೆರಿಕದ ಬದುಕಿನಲ್ಲಿ ಬೌದ್ಧಿಕತೆಯ ವಿರೋಧ) ಕೃತಿಯ 1963ರ ಮೊದಲ ಮುದ್ರಣದ ಪ್ರತಿಯೊಂದನ್ನು ಬೆಂಗಳೂರಿನ ಹಳೆಯ ಪುಸ್ತಕಗಳ ವ್ಯಾಪಾರಿಯೊಬ್ಬರಿಂದ, ಅಂಚೆ ವೆಚ್ಚವೂ ಸೇರಿ 9,400 ರೂಪಾಯಿಗೆ ತರಿಸಿಕೊಂಡಿದ್ದೆ. ಮಡಿಕೇರಿಯ ಮನೆಯಲ್ಲಿ ಅದು ಒಂದು ಇಡೀ ಮಳೆಗಾಲ ಕಳೆದ ಮೇಲೆ, ಓದಿ ಮುಗಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನ್ಯೂಯಾರ್ಕಿನ ಆಲ್‌ಫ್ರೆಡ್ ಎ. ನಾಫ್ ಸಂಸ್ಥೆಯ ಪ್ರಕಟಣೆ ಇದು. ಹಕ್ಕುಸ್ವಾಮ್ಯದ ಪುಟದಲ್ಲಿ ‘ಫಸ್ಟ್ ಎಡಿಷನ್’ ಎಂದು ಅಚ್ಚಾಗಿದೆಯೇ ಎಂಬುದನ್ನು ಮೊದಲು ನೋಡಬೇಕು. ನನ್ನ ಪ್ರತಿಯಲ್ಲಿ ಅದಿದೆ. ಕೃತಿಗೆ ಪುಲಿಟ್ಜರ್ ಪ್ರಶಸ್ತಿ ಬಂದದ್ದು 1964ರಲ್ಲಿ. ಆದ್ದರಿಂದ ಮೇಲುಹೊದಿಕೆಯ ಮೇಲೆ ಆ ಸುದ್ದಿ ಕಂಡರೆ, ಒಳಗಿನ ಪುಸ್ತಕ ಯಾವುದೇ ಇರಲಿ, ಹೊದಿಕೆ ನಂತರದ್ದು ಎಂದೇ ತಿಳಿಯಬೇಕು. ನನ್ನ ತಕರಾರು ಇರುವುದೂ ಹೊದಿಕೆಯ ವಿಷಯದಲ್ಲೇ. ಬೆಲೆ ಅಚ್ಚಾಗಿರಬೇಕಾದ ಒಳಮಡಿಕೆಯ ಮೂಲೆಯನ್ನು ಯಾರೋ ಕತ್ತರಿಯಿಂದ ಓರೆಯಾಗಿ ಕತ್ತರಿಸಿದ್ದಾರೆ. ಬುಕ್ ಕ್ಲಬ್‌ಗಳ ಅಗ್ಗದ ಪ್ರತಿಗಳ ಹೊದಿಕೆಗಳಲ್ಲಿ ಸಾಮಾನ್ಯವಾಗಿ ಬೆಲೆ ಇರುವುದಿಲ್ಲವಾದ್ದರಿಂದ, ಹೊದಿಕೆ ಅಂಥ ಪ್ರತಿಯದ್ದಲ್ಲ ಎಂದು ಗುರುತಿಸಲು ಸಂಗ್ರಾಹಕರಿಗೆ ಈ ಒಂದಂಗುಲ ಕಾಗದ ಬಹಳ ಮುಖ್ಯ. ವ್ಯಾಪಾರಿ ಕಳುಹಿಸಿದ ಚಿತ್ರಗಳಲ್ಲಿ ಮುಂಭಾಗ ಮಾತ್ರ ಇತ್ತು. ಫೋನಿನಲ್ಲಿ ಕೇಳಿದಾಗ, “ಅಷ್ಟೇ ತಾನೇ ಸಾರ್, ಓದೋದಕ್ಕೆ ಏನೂ ತೊಂದರೆ ಇಲ್ಲವಲ್ಲ” ಎಂದರು. ಎರಡನೆಯ ಸಲ ಮಾತನಾಡಿದ ಮೇಲೆ 700 ರೂಪಾಯಿ ಹಿಂತಿರುಗಿಸಿದರು.

ಓದುವುದಕ್ಕೆ ನಿಜಕ್ಕೂ ಯಾವ ತೊಂದರೆಯೂ ಇಲ್ಲ. 1950ರ ದಶಕದಲ್ಲಿ ಕಮ್ಯುನಿಸ್ಟರೆಂಬ ಶಂಕೆಯ ಮೇಲೆ ಹಲವರನ್ನು ಬೇಟೆಯಾಡಿದ ಸೆನೆಟರ್ ಮೆಕಾರ್ಥಿಯ ಕಾಲದ ಕಹಿಯನ್ನು ಕಣ್ಣಾರೆ ಕಂಡಿದ್ದ ಈ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಬುದ್ಧಿಜೀವಿಗಳ ಮೇಲಿನ ಅಪನಂಬಿಕೆಯ ಬೇರುಗಳನ್ನು ಧರ್ಮ, ರಾಜಕೀಯ, ವ್ಯಾಪಾರ ಮತ್ತು ಶಿಕ್ಷಣ ಎಂಬ ನಾಲ್ಕು ಕ್ಷೇತ್ರಗಳಲ್ಲಿ ಅಗೆದು ತೋರಿಸುತ್ತಾರೆ. ಕೈಗೆ ಬಂದ ಕೆಲಸವನ್ನು ಚುರುಕಾಗಿ ಮುಗಿಸುವ ಜಾಣತನವನ್ನು ಎಲ್ಲರೂ ಮೆಚ್ಚುತ್ತಾರೆ, ಆದರೆ ಆ ಕೆಲಸದ ಅರ್ಥವನ್ನೇ ಪ್ರಶ್ನಿಸುವ ಬುದ್ಧಿಯನ್ನು ಅನುಮಾನದಿಂದ ನೋಡುತ್ತಾರೆ ಎಂಬ ಅವರ ವಿಂಗಡಣೆ ಇಡೀ ಕೃತಿಯ ಕೀಲು. ಶಿಕ್ಷಣದ ಭಾಗದಲ್ಲಿ ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿಯ ಕುರಿತ ಚರ್ಚೆ ನನಗೆ ಸ್ವಲ್ಪ ಉದ್ದವೆನಿಸಿತು. ಆದರೆ ಕೃಷಿ ವಿಜ್ಞಾನವನ್ನು ‘ಪುಸ್ತಕದ ಬೇಸಾಯ’ ಎಂದು ಹಳಿಯುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ರೈತರ ಕುರಿತ ಪುಟಗಳನ್ನು ಎರಡು ಸಲ ಓದಿದೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರು ಹೇಳಿದ ನೆರಳಿನ ಲೆಕ್ಕವನ್ನು ಕೇಳಿ ನಕ್ಕು, ಮರಗಸಿಯನ್ನು (ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸ) ತಮ್ಮ ಅಂದಾಜಿನಂತೆಯೇ ಮಾಡಿಸುವ ನನ್ನ ಚಿಕ್ಕಪ್ಪನವರು ಆ ಪುಟಗಳಲ್ಲಿ ಆರಾಮವಾಗಿ ಓಡಾಡಬಲ್ಲರು. ಪುಸ್ತಕದ ಬೆಲೆ ಕೇಳಿದ ಅವರು, “ಅಷ್ಟು ದುಡ್ಡಿಗೆ ತೋಟಕ್ಕೆ ಎಷ್ಟು ಮೂಟೆ ಗೊಬ್ಬರ ಬರ್ತಿತ್ತು, ಲೆಕ್ಕ ಹಾಕಿದ್ದೀಯಾ?” ಎಂದು ಕೇಳಿದರು. ನಾನು ಲೆಕ್ಕ ಹಾಕಿರಲಿಲ್ಲ.

ಇನ್ನು ಪ್ರತಿಯ ಸ್ಥಿತಿ. ಕಟ್ಟು ಬಿಗಿಯಾಗಿದೆ, ಪುಟಗಳು ಅಂಚಿನಲ್ಲಷ್ಟೇ ಹಳದಿಗಟ್ಟಿವೆ, ಹೊದಿಕೆಯ ಬೆನ್ನು ಮಾತ್ರ ಬಿಸಿಲಿಗೆ ಮಾಸಿದೆ. ಕೊಡಗಿನಲ್ಲಿ ಇಂಥ ಪುಸ್ತಕಕ್ಕೆ ಬಿಸಿಲಿಗಿಂತ ದೊಡ್ಡ ಶತ್ರು ಜುಲೈ–ಆಗಸ್ಟಿನ ಕಕ್ಕಡ ಮಾಸದ ಮಳೆ. ವಾರಗಟ್ಟಲೆ ಸೂರ್ಯ ಕಾಣದ ಆ ದಿನಗಳಲ್ಲಿ ಬಟ್ಟೆಗಳಿಗಾಗಿ ಅಲ್ಮೇರಾದೊಳಗೆ ಉರಿಸುವ ಬಲ್ಬಿನ ಕೆಳಗಿನ ಖಾನೆಯಲ್ಲೇ ಇದನ್ನೂ ಇಟ್ಟೆ. ಹೊದಿಕೆಗೆ ಪಾರದರ್ಶಕ ಪಾಲಿಯೆಸ್ಟರ್ ಹಾಳೆ ಸುತ್ತಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇರಿಸಿ ಹದಿನೈದು ದಿನಕ್ಕೊಮ್ಮೆ ಬದಲಾಯಿಸಿದೆ. ಆದರೂ ಆಗಸ್ಟಿನಲ್ಲಿ ಹಿಂದಿನ ರಟ್ಟಿನ ಮೇಲೆ ಸಾಸಿವೆ ಕಾಳಿನಷ್ಟು ಬೂಷ್ಟು ಕಾಣಿಸಿತು. ಒಣಗಿದ ಮೆತ್ತನೆಯ ಕುಂಚದಿಂದ ಅದನ್ನು ಸವರಿ ತೆಗೆದೆ, ಕಲೆ ಉಳಿಯಲಿಲ್ಲ.

ಪುಸ್ತಕವನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ, ಈ ವ್ಯಾಪಾರಿಯನ್ನು ಅರ್ಧ ಮನಸ್ಸಿನಿಂದ. ಅವರು ಕಟ್ಟಿ ಕಳುಹಿಸಿದ ರೀತಿ ಮೆಚ್ಚುವಂಥದ್ದು. ಆದರೆ ಹಣ ಕಳುಹಿಸುವ ಮೊದಲು ಹಕ್ಕುಸ್ವಾಮ್ಯದ ಪುಟ, ಹೊದಿಕೆಯ ಎರಡೂ ಒಳಮಡಿಕೆಗಳು ಮತ್ತು ಬೆನ್ನಿನ ಚಿತ್ರಗಳನ್ನು ಕೇಳಿ ಪಡೆಯಿರಿ, ಸಾಧ್ಯವಾದರೆ ಮಳೆಗಾಲ ಮುಗಿದ ಮೇಲೆ ತರಿಸಿಕೊಳ್ಳಿ.