ಪೋಸ್ಟ್‌ಫಿಕ್ಸ್‌ನ ಮೈಎಸ್‌ಕ್ಯೂಎಲ್ ಟೇಬಲ್: ಐಪಿ ರೇಂಜ್ ತಡೆಯಲು ಸಾಕೇ?

ಮೇಲ್ ಸರ್ವರ್ ಪ್ರೋಗ್ರಾಂ ಆದ ಪೋಸ್ಟ್‌ಫಿಕ್ಸ್, ತಡೆಯಬೇಕಾದ ಐಪಿ ವಿಳಾಸಗಳನ್ನು ಮೈಎಸ್‌ಕ್ಯೂಎಲ್ ಡೇಟಾಬೇಸಿನಿಂದ ಓದಬಲ್ಲದು; ರೇಂಜ್ ತಡೆಯಲು ಅದು ಸಾಕು. ಆದರೆ ಕ್ವೆರಿ ನೀವೇ ಬರೆಯಬೇಕು, ಮೊದಲು ಕೈಗೆ ಬರುವ ಕ್ವೆರಿ ಸಾಮಾನ್ಯವಾಗಿ ತಪ್ಪಾಗಿರುತ್ತದೆ.

ಮೇಲ್ ತರುವ ಯಂತ್ರವನ್ನು ಪರಿಶೀಲಿಸುವ ಚೆಕ್-ಕ್ಲೈಂಟ್-ಆಕ್ಸೆಸ್ ಸೆಟ್ಟಿಂಗ್‌ಗೆ ಮೈಎಸ್‌ಕ್ಯೂಎಲ್ ಕ್ವೆರಿಯ ಫೈಲ್ ಕೊಟ್ಟರೆ ಪೋಸ್ಟ್‌ಫಿಕ್ಸ್ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗುವುದಿಲ್ಲ. ಮೊದಲು ಹೋಸ್ಟ್‌ನೇಮ್, ಅದರ ಮೇಲಿನ ಡೊಮೈನ್‌ಗಳು, ಆಮೇಲೆ 203.0.113.7, ಸಿಗದಿದ್ದರೆ ಬಾಲ ಕತ್ತರಿಸುತ್ತ 203.0.113, 203.0, 203. ಹಾಗಾಗಿ ನೇರ ಹೋಲಿಕೆಗೆ ದಕ್ಕುವುದು /24, /16, /8 ಮಾತ್ರ, ಅಂದರೆ ವಿಳಾಸದ ಮೊದಲ ಮೂರು, ಎರಡು ಅಥವಾ ಒಂದು ಸಂಖ್ಯೆ ಒಂದೇ ಇರುವ ಗುಂಪುಗಳು. ನಾಲ್ಕು /24 ಸೇರಿದ ಒಂದು /22 ತಡೆಯಲು ನಾಲ್ಕು ಸಾಲು ಬೇಕು.

ಅದಕ್ಕೇ ಎಲ್ಲರೂ ಆರಂಭ, ಕೊನೆ ಎಂದು ಎರಡು ಕಾಲಂ ಮಾಡಿ ಐಪಿಯನ್ನು ಸಂಖ್ಯೆಯಾಗಿಸುವ ಐನೆಟ್-ಎಟಾನ್ ಫಂಕ್ಷನ್ ಬಳಸುತ್ತಾರೆ. ಎಡವಟ್ಟು ಇಲ್ಲೇ. ಬಾಲವಿಲ್ಲದ 203.0.113 ಅನ್ನು ಅದು 203.0.0.113 ಎಂದು ಓದಿಕೊಳ್ಳಬಹುದು. ಆಗ ನೀವು ತಡೆದದ್ದು 203.0.0.0/24, ಸುಮ್ಮನೆ ತಡೆಗೆ ಸಿಕ್ಕಿದ್ದು 203.0.113.7! ಐನೆಟ್6-ಎಟಾನ್ ಬಳಸಿ. ಅರ್ಧಂಬರ್ಧ ವಿಳಾಸಕ್ಕೂ ಹೋಸ್ಟ್‌ನೇಮ್‌ಗೂ ಅದು ನಲ್ (ಮೌಲ್ಯವಿಲ್ಲ ಎಂಬ ಉತ್ತರ) ಕೊಡುತ್ತದೆ, ಐಪಿವಿ6 ಕೂಡ ಅದರಲ್ಲೇ ಮುಗಿಯುತ್ತದೆ. ಕಾಲಂ ವಾರ್‌ಬೈನರಿ 16 ಇರಲಿ, ಹೋಲಿಸುವ ಎರಡು ವಿಳಾಸಗಳ ಉದ್ದ ಒಂದೇ ಇದೆಯೇ ಎಂಬ ಷರತ್ತೂ ಸೇರಿಸಿ. ಇಲ್ಲದಿದ್ದರೆ 2001:ಡಿಬಿ8::1 ಹೋಗಿ 32.1.0.0/16ರೊಳಗೆ ಬೀಳುತ್ತದೆ, ಏಕೆಂದರೆ ಎರಡರ ಮೊದಲ ಬೈಟ್‌ಗಳೂ 32 ಮತ್ತು 1.

ಟೇಬಲ್‌ಗೆ ಕೈಯಾರೆ ಪ್ರಶ್ನೆ ಕೇಳುವ ಪೋಸ್ಟ್‌ಮ್ಯಾಪ್ ಮೈನಸ್ ಕ್ಯೂ ಕಮಾಂಡ್ ಪರೀಕ್ಷೆಗೆ ಒಳ್ಳೆಯದು, ಆದರೆ ಅದು ಬಾಲ ಕತ್ತರಿಸುವುದಿಲ್ಲ. 203.0.113 ಅನ್ನೂ ಕೈಯಾರೆ ಕೊಟ್ಟು ನೋಡಿ; ಉತ್ತರ ಖಾಲಿ ಬರಬೇಕು.

ಡೇಟಾಬೇಸ್ ನಿಂತರೆ ಬರುವ ಮೇಲ್‌ಗೆಲ್ಲ 451, ಅಂದರೆ ಆಮೇಲೆ ಪ್ರಯತ್ನಿಸಿ ಎಂಬ ಉತ್ತರ. ಮೇಲ್ ಸರ್ವರ್ ಮಂಗಳೂರಲ್ಲಿ, ಡೇಟಾಬೇಸ್ ಉಡುಪಿ ಬ್ರಾಂಚಿನಲ್ಲಿ ಎಂಬ ಏರ್ಪಾಡು ಮಾಡಿದರೆ ಆಟಿ ತಿಂಗಳ ಮಳೆಯಲ್ಲಿ ಲೈನ್ ಹೋದಾಗ ಗೊತ್ತಾಗುತ್ತದೆ. ಎರಡೂ ಒಂದೇ ಮೆಷಿನ್‌ನಲ್ಲಿರಲಿ. ಸೆಟ್ಟಿಂಗ್‌ನಲ್ಲಿ ಟೇಬಲ್ ಹೆಸರಿನ ಮುಂದೆ ಪ್ರಾಕ್ಸಿ ಸೇರಿಸಿ, ಕನೆಕ್ಷನ್‌ಗಳನ್ನು ಪ್ರೊಸೆಸ್‌ಗಳು ಹಂಚಿಕೊಳ್ಳುತ್ತವೆ: ಡೀಫಾಲ್ಟ್‌ನಲ್ಲಿ ಮೇಲ್ ಸ್ವೀಕರಿಸುವ ಎಸ್‌ಎಂಟಿಪಿಡಿ ಪ್ರೊಸೆಸ್ 100ರವರೆಗೆ ಏರುತ್ತವೆ, ಮೈಎಸ್‌ಕ್ಯೂಎಲ್ ಕನೆಕ್ಷನ್‌ನ ಮಿತಿ 151. ಲಾಗಿನ್ ಆದವರಿಗೆ ಅನುಮತಿ ಕೊಡುವ ಸಾಲು ಈ ತಡೆಗಿಂತ ಮೇಲಿರಬೇಕು. ಇಲ್ಲದಿದ್ದರೆ ಮೊಬೈಲ್ ನೆಟ್‌ನಿಂದ ಮೇಲ್ ಕಳಿಸುವ ನಿಮ್ಮವರೇ ಸಿಕ್ಕಿಬೀಳುತ್ತಾರೆ.

ದೇಶದೇಶವನ್ನೇ ತಡೆಯುವ ಆಸೆ ನಮ್ಮ ಕರಾವಳಿಗೆ ಹೇಳಿದ್ದಲ್ಲ. ಗಲ್ಫ್ ರೇಂಜ್ ಹಾಕಿದರೆ ಅಲ್ಲಿನ ಕಂಪನಿಗಳ ಮೇಲ್ ಎಲ್ಲಿ ಹೋಯಿತೆಂದು ಮರುದಿನವೇ ಫೋನ್ ಬರುತ್ತದೆ.

ಒಂದೇ ಸರ್ವರ್, ಇನ್ನೂರು ಮುನ್ನೂರು ಸಾಲಿನ ಪಟ್ಟಿ ಇರುವ ಆಫೀಸಿಗೆ ಇಷ್ಟೆಲ್ಲ ಯಾಕೆ? ರೇಂಜ್‌ಗಳನ್ನೇ ನೇರ ಬರೆಯುವ ಸಿಐಡಿಆರ್ ಫೈಲ್‌ನಲ್ಲಿ /22 ಒಂದೇ ಸಾಲು. ಬದಲಿಸಿದಾಗ ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿದರಾಯಿತು. ಮೂರು ನಾಲ್ಕು ಸರ್ವರ್‌ಗೆ ಒಂದೇ ಪಟ್ಟಿ, ದಿನಕ್ಕೆ ಹತ್ತು ಸಲ ಬದಲಾವಣೆ ಎನ್ನುವವರು ಮಾತ್ರ ಮೈಎಸ್‌ಕ್ಯೂಎಲ್‌ಗೆ ಹೋಗಿ.